ಗಾಳಿಯದೆಷ್ಟು, ಕಲ್ಲಿನದೆಷ್ಟು

2023ರ ಡಿಸೆಂಬರ್ 14, ಬೆಳಗಿನ ಜಾವ ಎರಡೂವರೆ ಆಗಿರಬೇಕು. ಗಂಗಾವತಿ ತಾಲ್ಲೂಕಿನ ಸೋದರಮಾವನ ಹೊಲದಲ್ಲಿ ಭತ್ತದ ರಾಶಿ ಕಾಯುತ್ತ ನಾನೂ ಮಾವನ ಮಗನೂ ತಾಡಪಾಲಿನ ಮೇಲೆ ಅಂಗಾತ ಮಲಗಿದ್ದೆವು. ಆ ವರ್ಷ ಮಳೆ ಕೈಕೊಟ್ಟಿತ್ತು. ಎರಡನೇ ಬೆಳೆಗೆ ಕಾಲುವೆಗೆ ನೀರಿಲ್ಲ ಅನ್ನುವ ಮಾತು ಊರೆಲ್ಲ ಓಡಾಡುತ್ತಿತ್ತು. ಮಾತು ಮುಗಿದಿತ್ತು, ನಿದ್ದೆ ಬಂದಿರಲಿಲ್ಲ. ಅಮಾವಾಸ್ಯೆ ಕಳೆದು ಎರಡೇ ದಿನ, ಚಂದ್ರ ಸಂಜೆಗೇ ಮುಳುಗಿದ್ದ. ಬಂಡೆಗುಡ್ಡಗಳ ಸಾಲು ಕಪ್ಪಗೆ, ಅದರ ಮೇಲೆ ಆಕಾಶ ತುಂಬ ಚುಕ್ಕಿ.

ಅವತ್ತು ಪ್ರತಿ ಡಿಸೆಂಬರಿನಲ್ಲಿ ಸಾಲಾಗಿ ಬೀಳುವ ಜೆಮಿನಿಡ್ ಉಲ್ಕೆಗಳ ರಾತ್ರಿ ಎಂದು ನನಗೆ ಗೊತ್ತಿತ್ತು, ಅದಕ್ಕೆಂದೇ ಕೊಪ್ಪಳದ ಕಡೆ ಬಂದಿದ್ದೆ. ಗಂಟೆಯೊಳಗೆ ಇಪ್ಪತ್ತೋ ಮೂವತ್ತೋ ಎಣಿಸಿದ್ದೆವು. ಹೆಚ್ಚಿನವು ಬಿಳಿ ಗೀರುಗಳು, ಬೆಂಕಿಕಡ್ಡಿ ಗೀರಿ ಅಲ್ಲೇ ಆರಿದ ಹಾಗೆ. ಆಮೇಲೆ ಒಂದು ಬಂತು. ನಡುನೆತ್ತಿಯಿಂದ ಹೊರಟು ಬಡಗಣ ದಿಕ್ಕಿಗೆ ನಿಧಾನವಾಗಿ, ಗುರುವಿಗಿಂತ ಎಷ್ಟೋ ಪ್ರಕಾಶವಾಗಿ ಇಳಿಯಿತು. ಮೊದಲು ಹಳದಿ, ಬೆಲ್ಲದ ಪಾಕದ ಹಾಗೆ. ಅರ್ಧ ದಾರಿಯಲ್ಲಿ ಹಸಿರಿಗೆ ತಿರುಗಿತು. ಕೊನೆಗೊಮ್ಮೆ ಬೆಳ್ಳಗೆ ಒಡೆದು ಮಾಯವಾಯಿತು. ಪಕ್ಕದಲ್ಲಿ ರಾಶಿಯ ನೆರಳು ಒಂದು ಗಳಿಗೆ ಸರಿದದ್ದನ್ನು ನಾನು ನೋಡಿದೆ.

ಮಾವನ ಮಗ ಎದ್ದು ಕೂತ. ಇಪ್ಪತ್ತೈದು ವರ್ಷದಿಂದ ರಾತ್ರಿ ಕರೆಂಟು ಬಂದಾಗ ನೀರು ಕಟ್ಟಲು ಹೋಗುವವನು ಅವನು. ನನ್ನಂಥವರು ವರ್ಷಕ್ಕೊಮ್ಮೆ ಚುಕ್ಕಿ ನೋಡಲು ಬಂದರೆ, ಅವನ ತಲೆಯ ಮೇಲೆ ಅವು ಎಲ್ಲ ರಾತ್ರಿಯೂ ಬಿದ್ದಿವೆ.

"ಎಲ್ಲಾ ಚುಕ್ಕಿ ಒಂದ ಬಣ್ಣಕ್ಕ ಬೀಳಂಗಿಲ್ಲ ನೋಡು. ಕೆಲವು ಹಸರ, ಕೆಲವು ಹಳದಿ, ಒಂದೊಂದು ಕೆಂಪಗ. ನಿನ್ನ ಮಷೀನು ಲೋಹ ಹೇಳ್ತದಂತಲ್ಲ, ಇದಕ್ಕೇನಂತದ?"

ನನ್ನ ಮಷೀನು ಅಂದರೆ ಕೆಲಸದ ಜಾಗದ ಸ್ಪೆಕ್ಟ್ರೋಮೀಟರ್. ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಹಲವು ವರ್ಷದಿಂದ ಇದೇ ನನ್ನ ಕೆಲಸ. ಕುಲುಮೆಯಿಂದ ಬಂದ ಸ್ಯಾಂಪಲ್ಲಿನ ಮುಖವನ್ನು ನುಣ್ಣಗೆ ಉಜ್ಜಿ ಯಂತ್ರದ ಬಾಯಿಗೆ ಕವುಚಿ ಇಡುತ್ತೇವೆ. ಒಳಗಿನಿಂದ ವಿದ್ಯುತ್ ಕಿಡಿ ಹಾರುತ್ತದೆ. ಕೂದಲೆಳೆಯಷ್ಟು ಲೋಹ ಆವಿಯಾಗಿ ಬೆಳಗುತ್ತದೆ. ಆ ಬೆಳಕು ಒಳಗೆ ಬಣ್ಣಬಣ್ಣದ ಗೆರೆಗಳಾಗಿ ಹರಡಿಕೊಳ್ಳುತ್ತದೆ. ಮ್ಯಾಂಗನೀಸಿನ ಗೆರೆ ಮ್ಯಾಂಗನೀಸಿನ ಜಾಗದಲ್ಲೇ ಬೀಳುತ್ತದೆ, ಸಿಲಿಕಾನಿನದು ಸಿಲಿಕಾನಿನ ಜಾಗದಲ್ಲೇ. ಒಂದು ನಿಮಿಷ ಮುಗಿಯುವುದರೊಳಗೆ ಯಾವುದು ಎಷ್ಟಿದೆ ಎಂಬ ಪಟ್ಟಿ ಪರದೆಯ ಮೇಲೆ.

ಹಾಗಾಗಿ ಅವನಿಗೆ ನಾನು ಪಟ್ಟಿಯನ್ನೇ ಕೊಟ್ಟೆ. ಹಳದಿ ಅಂದರೆ ಸೋಡಿಯಂ, ಹಸಿರು ಅಂದರೆ ಮೆಗ್ನೀಸಿಯಂ, ನೇರಳೆ ಅಂದರೆ ಕ್ಯಾಲ್ಸಿಯಂ, ಹಳದಿಗೂ ನೀಲಿಗೂ ನಡುವೆ ಆಡುವುದು ಕಬ್ಬಿಣ. ಎಲ್ಲರೂ ಹೇಳುವ ಪಟ್ಟಿ ಅದು, ಸುಳ್ಳೂ ಅಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹಂಗಾರ ಈಗ ಬಿದ್ದದ್ದು ಮೊದ್ಲ ಹಳದಿ ಇತ್ತು, ಆಮ್ಯಾಲ ಹಸರ ಆತು. ಹಾದಿಯಾಗ ಕಲ್ಲು ಬದಲಾತೇನು?" ಮತ್ತೆ ತುಸು ತಡೆದು, "ಸಣ್ಣವು ಎಲ್ಲಾ ಬೆಳ್ಳಗ ಬೀಳ್ತಾವ. ಅವುಕ್ಕ ಲೋಹ ಇಲ್ಲೇನು?"

ಎರಡೂ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಕೇಳಿದ ಕ್ಷಣವೇ ಗೊತ್ತಾಯಿತು, ಇವು ಪಟ್ಟಿಯ ಬುಡಕ್ಕೇ ಬಂದ ಪ್ರಶ್ನೆಗಳು ಎಂದು. ಬಳ್ಳಾರಿಗೆ ವಾಪಸು ಬಂದ ಮೇಲೂ ತಿಂಗಳುಗಟ್ಟಲೆ ಅವು ನನ್ನನ್ನು ಬಿಡಲಿಲ್ಲ. ಈ ಬರಹ ಅವನಿಗೆ ಆ ರಾತ್ರಿ ಕೊಡಬೇಕಾಗಿದ್ದ ಉತ್ತರ.

ನಾನು ಎಡವಿದ್ದು ಎಲ್ಲಿ ಎಂದು ಹೊಳೆದದ್ದು ಲ್ಯಾಬಿನಲ್ಲೇ, ಆರ್ಗಾನ್ ಸಿಲಿಂಡರ್ ಬದಲಿಸುವಾಗ. ಕಿಡಿ ಹಾರಿಸುವ ಮುಂಚೆ ಆ ಪುಟ್ಟ ಕೋಣೆಯೊಳಗಿನ ಗಾಳಿಯನ್ನೆಲ್ಲ ಆರ್ಗಾನ್ ಹಾಯಿಸಿ ಹೊರದಬ್ಬುತ್ತೇವೆ. ಗಾಳಿ ಉಳಿದರೆ ಕಿಡಿ ಕೆಡುತ್ತದೆ. ಗಂಧಕ, ರಂಜಕ, ಇಂಗಾಲದ ಕಣ್ಣಿಗೆ ಕಾಣದ ಅತಿನೇರಳೆ ಗೆರೆಗಳನ್ನು ಗಾಳಿ ನುಂಗಿಬಿಡುತ್ತದೆ. ಲೋಹ ಒಂದೇ ಮಾತಾಡಬೇಕು, ಬೇರೆ ಯಾರೂ ನಡುವೆ ಬಾಯಿ ಹಾಕಬಾರದು, ಅದಕ್ಕಾಗಿ ಈ ಏರ್ಪಾಡು. ಆಕಾಶದಲ್ಲಿ ಹಾಗೆ ಗಾಳಿಯನ್ನು ಹೊರದಬ್ಬಿ ಕೊಡುವವರು ಯಾರೂ ಇಲ್ಲ. ಅಲ್ಲಿ ಕಲ್ಲನ್ನು ಕಿಡಿಯಾಗಿಸುವುದೇ ಗಾಳಿ. ಬೆಳಗುವಾಗ ಅದೂ ಜೊತೆಗೆ ಬೆಳಗುತ್ತದೆ. ನಾನು ಕಲ್ಲಿನ ಮಾತನ್ನಷ್ಟೇ ಅನುವಾದಿಸಿ ಕೊಟ್ಟಿದ್ದೆ, ಗಾಳಿಯ ಮಾತನ್ನು ಬಿಟ್ಟೇಬಿಟ್ಟಿದ್ದೆ.

ಕಣ್ಣಿಗೆ ಬೀಳುವ ಉಲ್ಕೆಗಳಲ್ಲಿ ಹೆಚ್ಚಿನವು ಮರಳಿನ ಕಾಳಿನಿಂದ ಬಟಾಣಿ ಗಾತ್ರದವು. ನಮಗೆ ಕಾಣುವುದು ಆ ಕಾಳಲ್ಲ. ನೆಲದಿಂದ 80ರಿಂದ 120 ಕಿ.ಮೀ. ಎತ್ತರದಲ್ಲಿ, ಅಂದರೆ ಗಂಗಾವತಿಯಿಂದ ಬಳ್ಳಾರಿಗೆ ಬಸ್ಸಿನಲ್ಲಿ ಹೋಗುವ ದಾರಿಯನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಿದಷ್ಟು ದೂರದಲ್ಲಿ, ಮರಳಿನ ಕಾಳು ಯಾರಿಗೆ ತಾನೆ ಕಂಡೀತು. ಗಾಳಿಯ ಅಣುಗಳು ಬಡಿದು ಬಡಿದು ಕಲ್ಲಿನ ಮೈ ಕಾದು ಆವಿಯಾಗುತ್ತದೆ. ಆವಿಯ ಪರಮಾಣುಗಳು ಎದುರಿನ ಗಾಳಿಗೆ ಮತ್ತೆ ಡಿಕ್ಕಿ ಹೊಡೆದು ಉದ್ರೇಕಗೊಳ್ಳುತ್ತವೆ, ಆ ಹೆಚ್ಚಿನ ಶಕ್ತಿಯನ್ನು ಬೆಳಕಾಗಿ ಕಳಚಿಹಾಕುತ್ತವೆ. ಆ ಬೆಳಗುವ ಮೋಡ ಕಲ್ಲಿಗಿಂತ ಎಷ್ಟೋ ಪಟ್ಟು ದೊಡ್ಡದು. ನಮ್ಮ ವರ್ಕ್‌ಶಾಪಿನಲ್ಲಿ ಗ್ರೈಂಡರಿಗೆ ಕಬ್ಬಿಣ ಒತ್ತಿದಾಗ ಹಾರುವ ಕಿಡಿಯಂತೆ ಇದೂ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಆ ಕಿಡಿ ಕಾದು ಕೆಂಡವಾದ ಕಬ್ಬಿಣದ ಪುಡಿ, ಅದರ ಬಣ್ಣ ಬಿಸಿಯ ಬಣ್ಣ. ಉಲ್ಕೆಯದು ಬಹುಪಾಲು ಆವಿಯ ಬಣ್ಣ. ಅಲ್ಲಿ ಪ್ರತಿ ಮೂಲವಸ್ತುವಿಗೂ ತನ್ನದೇ ಗೆರೆ.

ಆವಿಯ ಬಣ್ಣ ನೋಡಲು ಅಡುಗೆಮನೆ ಸಾಕು. ಬ್ಯಾಳಿ ಸಾರು ಉಕ್ಕಿ ಗ್ಯಾಸಿನ ನೀಲಿ ಉರಿಗೆ ಬಿದ್ದಾಗ ಉರಿ ಒಮ್ಮೆಲೇ ಹಳದಿ ಆಗುತ್ತದಲ್ಲ, ಅದು ಉಪ್ಪಿನ ಸೋಡಿಯಂ. ಬೆಳಕಿನ ತರಂಗಾಂತರ 589 ನ್ಯಾನೋಮೀಟರ್. ಎಲ್‌ಇಡಿ ಬರುವ ಮುಂಚೆ ಬಳ್ಳಾರಿಯ ಬೀದಿಗಳನ್ನು ಹಳದಿಯಾಗಿ ತೊಯ್ಯಿಸುತ್ತಿದ್ದ ಸೋಡಿಯಂ ದೀಪಗಳೂ ಅದೇ ಆವಿಯಿಂದ ಉರಿಯುತ್ತಿದ್ದವು. ನಾವು ಕಂಡ ಉಲ್ಕೆಯ ಮೊದಲ ಅರ್ಧದ ಬೆಲ್ಲದ ಬಣ್ಣವೂ ಅದೇ.

ಇಲ್ಲೊಂದು ಸಂಗತಿ ನನ್ನ ಕಸುಬಿಗೆ ತೀರ ಹತ್ತಿರದ್ದು. ಸೌರವ್ಯೂಹದ ಅತಿ ಹಳೆಯ, ಮೂಲ ಸ್ವರೂಪ ಉಳಿಸಿಕೊಂಡ ಉಲ್ಕಾಶಿಲೆಗಳಲ್ಲಿ ತೂಕದ ಲೆಕ್ಕದಲ್ಲಿ ಕಬ್ಬಿಣ ಶೇ. 18ರಷ್ಟು, ಮೆಗ್ನೀಸಿಯಂ ಶೇ. 10ರ ಹತ್ತಿರ. ಸೋಡಿಯಂ ಶೇ. ಅರ್ಧ ಮಾತ್ರ. ಆದರೂ ಹಳದಿ ಗೆರೆ ಎದ್ದು ಕಾಣುತ್ತದೆ. ಸೋಡಿಯಂ ಪರಮಾಣು ಬಲು ಬೇಗ ಉದ್ರೇಕಗೊಳ್ಳುವಂಥದ್ದು, ಸ್ವಲ್ಪ ಶಕ್ತಿ ಸಿಕ್ಕರೂ ಸಾಕು ಬೆಳಗುತ್ತದೆ. ಸಿಲಿಕಾನ್ ಕಲ್ಲಿನಲ್ಲಿ ಧಾರಾಳವಾಗಿದ್ದರೂ ನಮ್ಮ ಕಣ್ಣಿಗೆ ಬೀಳುವ ಬಣ್ಣದಲ್ಲಿ ಅದರ ಪಾಲು ತೀರ ಕಡಿಮೆ. ಗೆರೆ ಎಷ್ಟು ಪ್ರಕಾಶ ಅನ್ನುವುದರಿಂದ ವಸ್ತು ಎಷ್ಟಿದೆ ಎಂದು ನೇರವಾಗಿ ಹೇಳಲಾಗದು. ಅದಕ್ಕೇ ಲ್ಯಾಬಿನಲ್ಲಿ ಪ್ರತಿ ಮೂಲವಸ್ತುವಿಗೂ ಬೇರೆ ಬೇರೆ ಮಾದರಿ ತುಂಡು ಇಟ್ಟು ಯಂತ್ರವನ್ನು ಹೊಂದಿಸುತ್ತೇವೆ. ಹಸಿರು ಉಲ್ಕೆ ಕಂಡು "ಇದು ಮೆಗ್ನೀಸಿಯಂ ಉಂಡೆ" ಅನ್ನುವುದು, ಗಟ್ಟಿ ಧ್ವನಿಯವನು ಕೂಗಿದ್ದು ಕೇಳಿ ಜಾತ್ರೆಯಲ್ಲಿ ಅವನೊಬ್ಬನೇ ಇದ್ದಾನೆ ಅಂದಂತೆ.

ಈಗ ಮಾವನ ಮಗನ ಮೊದಲ ಪ್ರಶ್ನೆ. ಹಾದಿಯಲ್ಲಿ ಕಲ್ಲು ಬದಲಾಯಿತೇ? ಒಂದರ್ಥದಲ್ಲಿ ಹೌದು. ಒಂದೇ ಬಿಸಿಗೆ ಎಲ್ಲವೂ ಹೊರಡುವುದಿಲ್ಲ. ಸೋಡಿಯಂ ಬೇಗ ಆವಿಯಾಗುತ್ತದೆ. ಬಿಡಿಬಿಡಿಯಾದ, ಪುಡಿಯಂಥ ಕಲ್ಲಾದರೆ ಅದು ಮೇಲಿನ ಎತ್ತರದಲ್ಲೇ ಹೊರಬಿದ್ದು ಮುಗಿಯುವುದೂ ಉಂಟು. ಮೆಗ್ನೀಸಿಯಂ, ಕಬ್ಬಿಣ ಆಮೇಲೆ. ಕ್ಯಾಲ್ಸಿಯಂ ಎಲ್ಲಕ್ಕಿಂತ ಹಟಮಾರಿ, ಸುಲಭಕ್ಕೆ ಆವಿಯಾಗದು. ಅಂದರೆ ಉಲ್ಕೆಯ ಗೀರು ಏಕಕಾಲದ ಚಿತ್ರವಲ್ಲ. ಯಾರು ಮೊದಲು ಮನೆ ಬಿಟ್ಟರು, ಯಾರು ಆಮೇಲೆ ಎಂಬುದು ಆ ಗೀರಿನ ಉದ್ದಕ್ಕೂ ಬರೆದಿರುತ್ತದೆ. ಹಳದಿ ಹೋಗಿ ಹಸಿರು ಬಂದದ್ದು ಅದಕ್ಕೇ.

ಈ ಹಸಿರಿನ ವಿಷಯದಲ್ಲೇ ನಾನು ಬಹಳ ದಿನ ಸಿಕ್ಕಿಕೊಂಡೆ. ಉಲ್ಕೆಯಲ್ಲಿ ಮುಖ್ಯವಾಗಿ ಎರಡು ಹಸಿರುಗಳಿವೆ.

ಒಂದು ಮೆಗ್ನೀಸಿಯಮ್ಮಿನದು, 518 ನ್ಯಾನೋಮೀಟರಿನ ಆಸುಪಾಸಿನ ಮೂರು ಒತ್ತೊತ್ತು ಗೆರೆಗಳು. ಅದು ಕಲ್ಲಿನದು. ಇನ್ನೊಂದು 557.7 ನ್ಯಾನೋಮೀಟರಿನದು, ಆಮ್ಲಜನಕದ್ದು. ಅದು ನಮ್ಮದೇ ಗಾಳಿಯದು. ಧ್ರುವಗಳ ಕಡೆ ರಾತ್ರಿ ಆಕಾಶದಲ್ಲಿ ಹಸಿರು ಪರದೆ ಅಲೆಯುತ್ತದಲ್ಲ, ಧ್ರುವಪ್ರಭೆ, ಅದರ ಹಸಿರೂ ಇದೇ ಗೆರೆ. ಈ ಬೆಳಕಿನ ನಡತೆ ವಿಚಿತ್ರ. ಉದ್ರೇಕಗೊಂಡ ಆಮ್ಲಜನಕ ಪರಮಾಣು ತಕ್ಷಣ ಬೆಳಗುವುದಿಲ್ಲ, ಸುಮಾರು ಮುಕ್ಕಾಲು ಸೆಕೆಂಡು ತಡೆಯುತ್ತದೆ. ಪರಮಾಣುಗಳ ಲೆಕ್ಕದಲ್ಲಿ ಅದು ಯುಗ. ಅಷ್ಟರೊಳಗೆ ಪಕ್ಕದ ಅಣು ಬಂದು ಬಡಿದರೆ ಶಕ್ತಿ ಅದಕ್ಕೆ ಹೋಗಿಬಿಡುತ್ತದೆ, ಬೆಳಕು ಹುಟ್ಟುವುದೇ ಇಲ್ಲ. ಹೀಗಾಗಿ ಗಾಳಿ ತೀರ ತೆಳುವಾದ ಎತ್ತರದಲ್ಲಿ, ಹೆಚ್ಚುಕಡಿಮೆ 100 ಕಿ.ಮೀ.ಗಿಂತ ಮೇಲೆ ಮಾತ್ರ ಇದು ಚೆನ್ನಾಗಿ ಕಾಣುತ್ತದೆ. ತಡೆದು ಬೆಳಗುವುದರಿಂದ ಉಲ್ಕೆಯ ತಲೆ ಮುಂದೆ ಹೋದ ಮೇಲೂ ಅದರ ಹಿಂದೆ ಹಸಿರು ಎಳೆಯಾಗಿ ಒಂದು ಗಳಿಗೆ ಉಳಿಯುತ್ತದೆ.

ಇಷ್ಟು ತಿಳಿದರೆ ಬರಿಗಣ್ಣಿನಲ್ಲೂ ಒಂದು ಅಂದಾಜು ಸಾಧ್ಯ. ಗೀರಿನ ಮೇಲ್ತುದಿಯಲ್ಲಿ ಹಸಿರಾಗಿ ಶುರುವಾಗಿ, ಕೆಳಗೆ ಬಂದಂತೆ ಬಿಳಿಯಾದರೆ, ಅದೂ ಸರ್ರನೆ ಹೋದ ಉಲ್ಕೆಯಾದರೆ, ಆ ಹಸಿರು ಬಹುಶಃ ಗಾಳಿಯದು. ಆಗಸ್ಟಿನ ಪರ್ಸೀಡ್, ನವೆಂಬರಿನ ಲಿಯೊನಿಡ್ ಉಲ್ಕೆಗಳಲ್ಲಿ ಹೀಗೆ. ನಾವು ಕಂಡದ್ದು ನಿಧಾನದ್ದು, ಹಸಿರು ಬಂದದ್ದು ಹಳದಿಯ ನಂತರ, ಕೆಳಗಿನ ಅರ್ಧದಲ್ಲಿ. ಅದು ಕಲ್ಲಿನ ಹಸಿರು, ಮೆಗ್ನೀಸಿಯಂ. ಒಂದೇ ಗಿಣಿ ಹಸಿರಿನ ಹಿಂದೆ ಒಮ್ಮೆ ಕಲ್ಲು ಇರಬಹುದು, ಇನ್ನೊಮ್ಮೆ ನಾವು ಉಸಿರಾಡುವ ಆಮ್ಲಜನಕ ಇರಬಹುದು ಎಂದು ಮೊದಲ ಸಲ ಓದಿದ ದಿನ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ವೇಗದ ಪಾಲನ್ನೂ ಹೇಳಬೇಕು. ಜೆಮಿನಿಡ್‌ಗಳದ್ದು ಸೆಕೆಂಡಿಗೆ ಸುಮಾರು 35 ಕಿ.ಮೀ., ಕೊಪ್ಪಳದಿಂದ ಹೊಸಪೇಟೆಗೆ ಹೆಚ್ಚುಕಡಿಮೆ ಒಂದು ಸೆಕೆಂಡು. ಇದೇ ನಿಧಾನ! ಪರ್ಸೀಡ್‌ಗಳದ್ದು 59, ಲಿಯೊನಿಡ್‌ಗಳದ್ದು 71. ಭೂಮಿ ತಾನೇ ಸೆಕೆಂಡಿಗೆ 30 ಕಿ.ಮೀ. ಓಡುತ್ತಿದೆ, ಲಿಯೊನಿಡ್‌ಗಳು ಅದಕ್ಕೆ ಎದುರಾಗಿ ಬರುತ್ತವೆ, ಅದಕ್ಕೆ ಅಷ್ಟು ರಭಸ. ಬೆಳಗುವ ಅನಿಲದಲ್ಲಿ ಎರಡು ಪಾಲು ಇರುತ್ತದೆಂದು ಚೆಕ್ ಗಣರಾಜ್ಯದ ಓಂಡ್ರೆಯೋವ್ ವೀಕ್ಷಣಾಲಯದ ಯಿರಿ ಬೊರೊವಿಚ್ಕಾ 1990ರ ದಶಕದಲ್ಲಿ ತೋರಿಸಿದರು. ಒಂದು ಸುಮಾರು 4,500 ಕೆಲ್ವಿನ್ ಬಿಸಿಯದು, ಸೋಡಿಯಂ, ಕಬ್ಬಿಣ, ಮೆಗ್ನೀಸಿಯಂ ಅದರಲ್ಲಿ ಹಾಡುತ್ತವೆ. ಇನ್ನೊಂದು ಸುಮಾರು 10,000 ಕೆಲ್ವಿನ್. ಕ್ಯಾಲ್ಸಿಯಮ್ಮಿನ ಒಂದು ಎಲೆಕ್ಟ್ರಾನು ಕಳಚಿ ನೇರಳೆ ಗೆರೆಗಳು ಉಕ್ಕಿ ಏಳುವುದು ಅಲ್ಲಿ. ವೇಗ ಹೆಚ್ಚಿದಷ್ಟೂ ಈ ಎರಡನೆಯದರ ಪಾಲು ಹೆಚ್ಚು, ಗಾಳಿಯ ಸಾರಜನಕ ಆಮ್ಲಜನಕಗಳ ಕೆಂಪೂ ಹೆಚ್ಚು. ಒಂದೇ ಕಲ್ಲನ್ನು ಎರಡು ವೇಗದಲ್ಲಿ ಎಸೆದರೆ ಎರಡು ಬಣ್ಣ. ಮಾವನ ಮಗ ಕಂಡ "ಒಂದೊಂದು ಕೆಂಪಗ" ಅನ್ನುವವುಗಳಲ್ಲಿ ಎಷ್ಟೋ ಈ ಗಾಳಿಯ ಕೆಂಪೇ ಇರಬೇಕು.

ಬೆಳಕನ್ನು ಗೆರೆಗಳಾಗಿ ಬಿಡಿಸಿ ಓದುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. 1860ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ಹರ್ಷೆಲ್ ಪಟ್ಟಕದ ಮೂಲಕ ಉಲ್ಕೆಗಳನ್ನು ಕಣ್ಣಿನಿಂದಲೇ ನೋಡಿ ಅವುಗಳಲ್ಲಿ ಸೋಡಿಯಮ್ಮಿನ ಹಳದಿಯನ್ನು ಗುರುತಿಸಿದ. ಯಾವಾಗ, ಎಲ್ಲಿ ಬೀಳುತ್ತದೋ ತಿಳಿಯದ, ಸೆಕೆಂಡಿನೊಳಗೆ ಮುಗಿಯುವ ಬೆಳಕಿಗೆ ಪಟ್ಟಕ ಹಿಡಿದು ಕಾಯುವುದು ಎಂಥ ತಾಳ್ಮೆ. ಅದೇ ಕಾಲದಲ್ಲಿ ಅವನ ತಮ್ಮ ಜಾನ್ ಹರ್ಷೆಲ್ ಸೈನ್ಯದ ಎಂಜಿನಿಯರಾಗಿ ಇಲ್ಲೇ ಇದ್ದ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ದಿನ ಜಮಖಂಡಿಯಲ್ಲಿ ಸ್ಪೆಕ್ಟ್ರೋಸ್ಕೋಪ್ ಹೂಡಿ, ಸೂರ್ಯನ ಅಂಚಿನ ಜ್ವಾಲೆಯಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡ. ಆ ಕಿತ್ತಳೆಯದು ಸೋಡಿಯಮ್ಮಿನ ಹಳದಿಗೆ ತೀರ ಪಕ್ಕದ್ದು. ಅದು ಸೋಡಿಯಂ ಅಲ್ಲ, ಹೀಲಿಯಂ ಎಂದು ಆಮೇಲೆ ತಿಳಿಯಿತು. ಒಬ್ಬ ಅಣ್ಣ ಅಲ್ಲಿ ಉಲ್ಕೆಯಲ್ಲಿ, ಒಬ್ಬ ತಮ್ಮ ನಮ್ಮ ಜಮಖಂಡಿಯಲ್ಲಿ ಸೂರ್ಯನಲ್ಲಿ, ಇಬ್ಬರೂ ಬಣ್ಣದ ಸ್ಪೆಕ್ಟ್ರಮ್ಮಿನ ಒಂದೇ ಮೂಲೆಯಲ್ಲಿ ಹುಡುಕುತ್ತಿದ್ದರು. ನೂರಕ್ಕೂ ಹೆಚ್ಚು ವರ್ಷದ ಮೇಲೆ, 1980ರ ಫೆಬ್ರವರಿ 16ರ ಗ್ರಹಣಕ್ಕೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟಿದ್ದರು. ಸಿಂಧನೂರು ಸೀಮೆಯ ತವರಿನಲ್ಲಿದ್ದ ನಮ್ಮ ಅವ್ವನಿಗೆ ಆ ದಿನ ನೆನಪಿರುವುದು ಮುಚ್ಚಿದ ಬಾಗಿಲು, ಕಿಟಕಿಗೆ ತುರುಕಿದ ಗೋಣಿಚೀಲ, ನಡುಮಧ್ಯಾಹ್ನ ಕಳೆದ ಮೇಲೆ ಗೂಡಿಗೆ ಹೋದ ಕೋಳಿಗಳು. ಕೆಲವೇ ಹರದಾರಿ ಆಚೆ ಸೂರ್ಯನ ಬೆಳಕನ್ನು ಗೆರೆ ಗೆರೆಯಾಗಿ ಬಿಡಿಸುತ್ತಿದ್ದರು ಎಂದು ಹೇಳಿದಾಗ, "ನಮಗ್ಯಾರು ಹೇಳಿದ್ರು" ಅಂದಳು. ಆ ಮಾತು ನನಗೆ ಇವತ್ತಿಗೂ ನೋವಾಗಿ ಉಳಿದಿದೆ.

ಜೆಮಿನಿಡ್‌ಗಳಿಗೇ ಮರಳುತ್ತೇನೆ. ಇವುಗಳ ತಾಯಿ ಧೂಮಕೇತುವಲ್ಲ, 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹ. ಒಂದೂವರೆ ವರ್ಷಕ್ಕೂ ಕಡಿಮೆ ಅವಧಿಗೊಮ್ಮೆ ಅದು ಸೂರ್ಯನಿಗೆ ಸುಮಾರು 2.1 ಕೋಟಿ ಕಿ.ಮೀ. ಹತ್ತಿರ ಹೋಗಿ ಬರುತ್ತದೆ, ಬುಧನಿಗಿಂತಲೂ ಒಳಗೆ. ಮೈ 700 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಅಷ್ಟು ಬೆಂದ ಬಂಡೆಯ ಪುಡಿ ನಮ್ಮ ಮೇಲೆ ಉದುರುವಾಗ ಅದರ ಸೋಡಿಯಂ ಎಷ್ಟೋ ಮೊದಲೇ ಹೋಗಿರುತ್ತದೆ. ಜೆಮಿನಿಡ್‌ಗಳ ಸ್ಪೆಕ್ಟ್ರಮ್ಮುಗಳಲ್ಲಿ ಹಳದಿ ಗೆರೆ ಕೆಲವದರಲ್ಲಿ ಢಾಳಾಗಿ, ಕೆಲವದರಲ್ಲಿ ಮಸುಕಾಗಿ, ಕೆಲವದರಲ್ಲಿ ಇಲ್ಲವೇ ಇಲ್ಲ. ನಾವು ಕಂಡದ್ದು ಉಪ್ಪು ಉಳಿಸಿಕೊಂಡಿದ್ದ ಒಂದು ತುಣುಕು. ಫೇಥಾನ್ ಸೂರ್ಯನ ಹತ್ತಿರ ಹೋದಾಗ ಬೆಳೆಸುವ ಪುಟ್ಟ ಬಾಲ ಧೂಳಿನದಲ್ಲ, ಸೋಡಿಯಂ ಆವಿಯದು ಎಂದು, ನಾವು ರಾಶಿ ಕಾದ ಅದೇ 2023ರಲ್ಲಿ ಸೂರ್ಯನನ್ನು ಗಮನಿಸುವ ಸೋಹೋ ನೌಕೆಯ ಚಿತ್ರಗಳಿಂದ ತಿಳಿದುಬಂತು. ಬಣ್ಣ ಇಲ್ಲದಿರುವುದೂ ಒಂದು ಸುದ್ದಿ, ಕಲ್ಲು ಎಲ್ಲಿ ಬೆಂದು ಬಂದಿದೆ ಎಂಬ ಸುದ್ದಿ.

ಇನ್ನು ಅವನ ಎರಡನೇ ಪ್ರಶ್ನೆ, ಸಣ್ಣವು ಯಾಕೆ ಬೆಳ್ಳಗೆ? ಇದಕ್ಕೆ ಉತ್ತರ ಕಲ್ಲಿನಲ್ಲೂ ಇಲ್ಲ, ಗಾಳಿಯಲ್ಲೂ ಇಲ್ಲ.

ಕಣದಲ್ಲಿ ಮೆಣಸಿನಕಾಯಿ ಹರವಿ ಕಾಯ್ದವರಿಗೆ ಇದು ಗೊತ್ತು. ನಸುಕಿನಲ್ಲಿ ಎದ್ದು ನೋಡಿದರೆ ಆ ಕೆಂಪು ಹಾಸು ಕಪ್ಪಗೆ ಕಾಣುತ್ತದೆ, ಬದುವಿನ ಹುಲ್ಲು ಬೂದಿಯಾಗಿ. ಮೂಡಣ ಬೆಳಗಾದಂತೆ ಕೆಂಪು ಎಲ್ಲಿಂದಲೋ ಬಂದು ಕೂರುತ್ತದೆ. ಮೆಣಸಿನಕಾಯಿ ರಾತ್ರಿಯೂ ಅದೇ ಮೆಣಸಿನಕಾಯಿ. ನಮ್ಮ ಕಣ್ಣಲ್ಲಿ ಎರಡು ಬಗೆಯ ಕೋಶಗಳಿವೆ. ಬಣ್ಣ ಗುರುತಿಸುವ ಶಂಕುಕೋಶಗಳಿಗೆ ಬೆಳಕು ಸಾಕಷ್ಟು ಬೇಕು. ಮಬ್ಬಿನಲ್ಲಿ ಕೆಲಸ ಮಾಡುವ ಸರಳುಕೋಶಗಳಿಗೆ ಬೆಳಕಿದೆ ಎಂದಷ್ಟೇ ಗೊತ್ತು, ಯಾವ ಬಣ್ಣದ್ದೆಂದು ಗೊತ್ತಿಲ್ಲ. ಮಂಕು ಉಲ್ಕೆ ಸರಳುಕೋಶಗಳನ್ನು ಮಾತ್ರ ಮುಟ್ಟಿ ಹೋಗುತ್ತದೆ, ಅದಕ್ಕೆ ಬಿಳಿ. ಅದೇ ಉಲ್ಕೆಗೆ ಕ್ಯಾಮೆರಾ ಒಡ್ಡಿದರೆ ಹಸಿರೋ ಕೆಂಪೋ ಸಿಕ್ಕೀತು. ಶಂಕುಕೋಶಗಳು ಎಚ್ಚೆತ್ತುಕೊಳ್ಳುವಷ್ಟು ಪ್ರಕಾಶದ್ದು ಬಿದ್ದಾಗ ಮಾತ್ರ ನಮಗೆ ಬಣ್ಣ.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ಅವನಿಗೆ ಹೇಳಿದೆ. ಗ್ಯಾಸಿನ ಉರಿಗೆ ಉಪ್ಪು ಉದುರಿಸಿ ತೋರಿಸಿದೆ. ಅವನಿಗೆ ಹಿಡಿಸಿದ್ದು ಎರಡು ಹಸಿರಿನ ಮಾತು. "ಗಾಳಿ ಹಸರ ಬ್ಯಾರೆ, ಕಲ್ಲ ಹಸರ ಬ್ಯಾರೆ" ಎಂದು ಎರಡು ಮೂರು ಸಲ ಅಂದುಕೊಂಡ. ನಾನು ಮತ್ತೊಂದು ಸಂಗತಿ ಹೇಳಿದೆ. ಉಲ್ಕೆಗಳು ಕಳಚಿದ ಸೋಡಿಯಂ ಎಲ್ಲೂ ಹೋಗುವುದಿಲ್ಲ, ನೆಲದಿಂದ ಸುಮಾರು 90 ಕಿ.ಮೀ. ಮೇಲೆ ತೆಳ್ಳನೆಯ ಪದರವಾಗಿ ಭೂಮಿಯ ಸುತ್ತ ನಿಂತಿದೆ. ದೊಡ್ಡ ದೂರದರ್ಶಕಗಳವರು ಆ ಪದರಕ್ಕೆ ಹಳದಿ ಲೇಸರ್ ಹಾಯಿಸಿ ಆಕಾಶದಲ್ಲಿ ಕೃತಕ ಚುಕ್ಕಿ ಮೂಡಿಸಿಕೊಳ್ಳುತ್ತಾರೆ. ಗಾಳಿಯ ಅಲುಗಾಟ ಅಳೆಯಲು ಅವರಿಗೆ ಅದು ಬೇಕು. ಅವನು ಮೇಲೆ ನೋಡಿದ, ಹಾಡುಹಗಲು, ಬಿರುಬಿಸಿಲು. "ಈಗೂ ಅದ ಏನು?" ಅಂದ. ಈಗಲೂ ಇದೆ ಅಂದೆ.

ಪಂಪಿನ ಕರೆಂಟು ಬಂದ ಹೊತ್ತು, ಹೋದ ಹೊತ್ತು ಬರೆದಿಡಲು ಅವನ ಬಳಿ ಒಂದು ಉದ್ದನೆಯ ನೋಟುಪುಸ್ತಕ ಇದೆ. ಅದರ ಹಿಂದಿನ ಪುಟಗಳಿಂದ ಅವನೀಗ ಬಿದ್ದ ಚುಕ್ಕಿಗಳನ್ನು ಬರೆಯತೊಡಗಿದ್ದಾನೆ. ಹೊತ್ತು, ದಿಕ್ಕು, ಬಣ್ಣ, ಸರ್ರನೆ ಹೋಯಿತೋ ನಿಧಾನವೋ. ಬಣ್ಣಕ್ಕೆ ಅವನದೇ ಹೆಸರುಗಳು: ಗಿಣಿ ಹಸರ, ಭತ್ತದ ಸಸಿ ಹಸರ, ಬೆಲ್ಲದ ಹಳದಿ, ಕುಸುಬಿ ಹೂವಿನ ಕೆಂಪು. ಅವನ ಎರಡು ಹಸಿರು ಸದಾ ಬೇರೆ ಬೇರೆ. ಮೊನ್ನೆ ಆ ಪುಟಗಳ ಫೋಟೊ ತೆಗೆದು ಕಳಿಸಿದ್ದ. ಕೊನೆಯ ಸಾಲು ಹೀಗಿತ್ತು: "ಮೂರೂ ಕಾಲು. ತೆಂಕಣಕ್ಕ. ಸಣ್ಣದು, ಬೆಳ್ಳಗ. ಬಣ್ಣ ಇತ್ತು, ನನಗ ಕಾಣಲಿಲ್ಲ."